ಜಿ.ಐ. ಜೋ ಕತ್ತು ಮುರಿದಿದೆ, ಯಾವ ಅಂಟು ಹಾಕೋದು?

ಪ್ರಶ್ನೆ, ಹಾಸನದಿಂದ:
ಚಿಕ್ಕಂದಿನ ಫನ್‌ಸ್ಕೂಲ್ ಜಿ.ಐ. ಜೋ ಗೊಂಬೆಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕವು. ಒಂದರ ತಲೆ ಕತ್ತಿನ ಬುಡದಲ್ಲೇ ಮುರಿದು ಕೈಗೆ ಬಂತು. ಈಚೆಗೆ ಕೊಂಡ 6 ಇಂಚಿನ ಮಾರ್ವೆಲ್ ಲೆಜೆಂಡ್ಸ್ ಗೊಂಬೆಯೂ ಒಂದಿದೆ, ಅದರ ತಲೆಯನ್ನು ಮೈಗೆ ಸೇರಿಸುವ ಕತ್ತಿನ ಪೆಗ್ (ಸಣ್ಣ ಗೂಟ) ತುಂಡಾಗಿ ತಲೆಯೊಳಗೇ ಸಿಕ್ಕಿಕೊಂಡಿದೆ. ಸೂಪರ್ ಗ್ಲೂ ಸಾಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ:
ಮೊದಲು ಆ ಟ್ಯೂಬಿನ ಮುಚ್ಚಳ ಹಾಕಿಡಿ ಸಾರ್. ಸೂಪರ್ ಗ್ಲೂ ಹಿಡಿಯುತ್ತೆ, ಆದರೆ ಗಾಜಿನ ಥರ ಪೆಡಸಾಗುತ್ತೆ. ತಲೆ ಒಂದು ಸಲ ತಿರುಗಿಸಿದರೆ ಅಲ್ಲೇ ಟಕ್ಕಂತ ಬಿಡುತ್ತೆ. ಸುತ್ತಲಿನ ಬಣ್ಣದ ಮೇಲೆ ಬಿಳಿ ಮಬ್ಬು ಬೇರೆ ಕೂರುತ್ತೆ, ಕಪ್ಪು ಮುಖವಾಡದ ಗೊಂಬೆಯಾದರೆ ಎದ್ದು ಕಾಣುತ್ತೆ.

ಜೋ ವಿಷಯಕ್ಕೆ ಬಂದರೆ, ಬೆನ್ನಲ್ಲಿ ಒಂದೇ ಸ್ಕ್ರೂ ಇರುತ್ತೆ ನೋಡಿ, ಅದನ್ನು ಬಿಚ್ಚಿದರೆ ಎದೆ ಬೆನ್ನು ಎರಡು ಹೋಳಾಗುತ್ತೆ. ಕತ್ತಿನ ಮುರಿದ ತುದಿ ಒಳಗೆ ಬಿಡಿಯಾಗಿ ಬಿದ್ದಿರುತ್ತೆ, ಕಳೆದುಕೊಳ್ಳಬೇಡಿ. ಹಳೇ ಸ್ಕ್ರೂ ತುಕ್ಕು ಹಿಡಿದಿದ್ದರೆ ಸರಿಯಾದ ಅಳತೆಯ ಸ್ಟಾರ್ ಡ್ರೈವರ್ ಒತ್ತಿ ಹಿಡಿದು ತಿರುಗಿಸಿ. ಸ್ಕ್ರೂ ತಲೆ ಸವೆದುಹೋದರೆ ಆಮೇಲೆ ಬಿಚ್ಚೋದು ತಲೆನೋವು.

ಎರಡು ತುಂಡನ್ನೂ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಕೈಯ ಜಿಡ್ಡು ಇದ್ದರೆ ಯಾವ ಅಂಟೂ ನಿಲ್ಲಲ್ಲ. ಆಮೇಲೆ ಪಿನ್ ಹಾಕಬೇಕು, ಅಂದರೆ ಎರಡೂ ತುಂಡಿಗೆ ತೂತು ಕೊರೆದು ನಡುವೆ ತಂತಿ ಕೂರಿಸೋದು. ಮುರಿದ ಒಂದು ಮುಖದ ನಡುವೆ ಸೂಜಿ ತುದಿಯಿಂದ ಹಸಿ ಬಣ್ಣದ ಚುಕ್ಕೆ ಇಟ್ಟು, ಇನ್ನೊಂದು ತುಂಡನ್ನು ಸರಿಯಾಗಿ ಕೂರಿಸಿ ಒತ್ತಿ ತೆಗೆಯಿರಿ. ಚುಕ್ಕೆ ಅಲ್ಲಿಗೂ ಅಂಟಿರುತ್ತೆ. ಆ ಎರಡು ಚುಕ್ಕೆಯ ಮೇಲೇ ತೂತು ಕೊರೆದರೆ ತಲೆ ಸೊಟ್ಟ ಆಗಲ್ಲ. ಜೋ ಕತ್ತಿಗೆ 0.8 ಮಿ.ಮೀ. ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುವ ಸಣ್ಣ ಬಿಟ್ ಕೇಳಿ, ಕೈಯಲ್ಲೇ ತಿರುಗಿಸಿ. ಮೋಟಾರ್ ಡ್ರಿಲ್ ಬೇಡ, ಬಿಸಿಗೆ ಪ್ಲಾಸ್ಟಿಕ್ ಕರಗುತ್ತೆ. ತೂತಿಗೆ ಹಿತ್ತಾಳೆ ತಂತಿ, ಇಲ್ಲದಿದ್ದರೆ ಹೊಂದುವಂಥ ಗಿಟಾರ್ ತಂತಿಯ ತುಂಡು. ಅದರ ಸುತ್ತ ಅರಾಲ್ಡೈಟ್ (ಎರಡು ಟ್ಯೂಬ್ ಬೆರೆಸಿ ಹಚ್ಚುವ ಅಂಟು), ಬೇಗ ಗಟ್ಟಿಯಾಗೋದಲ್ಲ, ನಿಧಾನದ್ದು. ಒಂದು ದಿನ ಮುಟ್ಟಬೇಡಿ. ಹೊರಗೆ ಉಕ್ಕಿದ್ದನ್ನು ಹಸಿ ಇರುವಾಗಲೇ ಒರೆಸಿ, ಇಲ್ಲದಿದ್ದರೆ ಎದೆಯ ಹೋಳು ಕೂಡಿಸಿದಾಗ ತಲೆ ತಿರುಗದಂತೆ ಬಿಗಿಯುತ್ತೆ.

ಹೇಗೂ ಬಿಚ್ಚಿರುತ್ತೀರಲ್ಲ, ಸೊಂಟ ಹಿಡಿದಿರುವ ಒಳಗಿನ ರಬ್ಬರ್ ಓ-ರಿಂಗ್ ಕೂಡ ಬದಲಾಯಿಸಿಬಿಡಿ. ಇಷ್ಟು ವರ್ಷಕ್ಕೆ ಅದು ಒಣಗಿ ಬಿರುಕು ಬಿಟ್ಟಿರುತ್ತೆ.

ಧಾರವಾಡದಿಂದ:
ಅಷ್ಟೆಲ್ಲಾ ತೂತು ಕೊರ್ಯೂದು ಯಾಕ್ರಿ? ಕೈಕಾಲು ಮುರದಿದ್ದ ಜೋ ಅಗ್ಗದಾಗ ಸಿಗ್ತಾವು, ಅದರ ತಲಿ ತಗದು ಇದಕ್ಕ ಕೂಡಿಸ್ರಿ. ಹತ್ತು ನಿಮಿಷದ ಕೆಲಸ.

ಮೈಸೂರಿನಿಂದ ಮತ್ತೆ:
ಅದೇ ಗೊಂಬೆ ಸಿಕ್ಕರೆ ಸರಿ ಸಾರ್. ಆದರೆ ನಮ್ಮ ಫನ್‌ಸ್ಕೂಲ್ ಗೊಂಬೆಗಳ ಬಣ್ಣ ಎಷ್ಟೋ ಸಲ ಅಮೆರಿಕದ ಹ್ಯಾಸ್ಬ್ರೊ ಗೊಂಬೆಗಿಂತ ಬೇರೆ. ಅಲ್ಲಿಯ ತಲೆ ತಂದು ಇಲ್ಲಿ ಕೂರಿಸಿದರೆ ಮೈಬಣ್ಣವೇ ಹೊಂದಲ್ಲ. ಇನ್ನೊಂದು, 1982ರಿಂದ 84ರವರೆಗಿನ ಅಚ್ಚಿನಲ್ಲಿ ತಲೆ ಎಡಬಲಕ್ಕೆ ಮಾತ್ರ ತಿರುಗುತ್ತೆ. 1985ರಿಂದ ಬಾಲ್ ಜಾಯಿಂಟ್ ಬಂತು, ಅಂದರೆ ಗುಂಡು ತುದಿಯ ಕೀಲು, ತಲೆ ಮೇಲೆ ಕೆಳಗೂ ಆಡುತ್ತೆ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಮತ್ತೆ, ಬೇರೆ ತಲೆ ಹಾಕಿದ್ದನ್ನು ಮಾರುವಾಗ ಹೇಳಲೇಬೇಕು. ಹೇಳದೆ ಮಾರೋರು ಇದ್ದಾರೆ, ಅದಕ್ಕೇ ಈ ಮಾತು.

ಧಾರವಾಡದಿಂದ:
ಬಣ್ಣದ್ದು ಖರೇ ಐತ್ರಿ. ನನ್ನ ಗೊಂಬಿ ಕಪಾಟಿನ್ಯಾಗ ಇಡಾಕ, ಮಾರಾಕಲ್ಲ. ಹಂಗಾಗಿ ನನಗ ನಡೀತೈತಿ.

ಮಂಗಳೂರಿನಿಂದ:
ಮಾರ್ವೆಲ್ ಲೆಜೆಂಡ್ಸ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. ಅದರ ತಲೆ ಮೆತ್ತಗಿನ ಪಿವಿಸಿ. ಕುದಿಯುವ ನೀರು ಬೇಡ, ಕೈಗೆ ಸುಡುವಷ್ಟು ಬಿಸಿನೀರಿನಲ್ಲಿ ತಲೆಯನ್ನು ಒಂದೆರಡು ನಿಮಿಷ ಮುಳುಗಿಸಿಡಿ. ಮುಖದ ಬಣ್ಣ ಮಾಸಬಹುದು ಅಂತ ಹೆದರಿಕೆಯಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ. ಒಳಗೆ ಕೂತ ಪೆಗ್ ತುಂಡಿಗೆ ಮೊದಲೇ ಸಣ್ಣ ತೂತು ಮಾಡಿ ಕನ್ನಡಕದ ಸ್ಕ್ರೂಗಿಂತ ತುಸು ದಪ್ಪದ ಸ್ಕ್ರೂ ಅರ್ಧ ತಿರುಗಿಸಿಡಬೇಕು. ತಲೆ ಮೆತ್ತಗಾದ ಕೂಡಲೇ ಆ ಸ್ಕ್ರೂವನ್ನು ಇಕ್ಕಳದಲ್ಲಿ ಹಿಡಿದು ನೇರ ಎಳೆಯಿರಿ, ಅಲ್ಲಾಡಿಸಬೇಡಿ. ಪೆಗ್ ಬಂದುಬಿಡುತ್ತದೆ. ಮುರಿದ ಪೆಗ್ಗಿಗೂ ಪಿನ್ನೇ ದಾರಿ, ಇಲ್ಲಿ 1 ಮಿ.ಮೀ.ಗಿಂತ ಕಡಿಮೆ ಬೇಡ.

ಕೂಡಿಸಿದ ಮೇಲೆ ತಲೆ ಲಟಲಟ ಅಂದರೆ ಪೆಗ್ಗಿನ ತುದಿಯ ಬಾಲ್ ಮೇಲೆ ಪಾರದರ್ಶಕ ನೇಲ್ ಪಾಲಿಶ್ ತೆಳುವಾಗಿ ಬಳಿದು, ಪೂರ್ತಿ ಒಣಗಿಸಿ ಕೂರಿಸಿ. ಪ್ಲಂಬರ್‌ಗಳ ಬಿಳಿ ಟೇಪ್ ಒಂದು ಸುತ್ತು ಹಾಕಿದರೂ ಆಗುತ್ತದೆ, ಬೇಡವಾದಾಗ ತೆಗೆಯಬಹುದು, ನನಗೆ ಅದೇ ಇಷ್ಟ.

ಬಣ್ಣ ಹಚ್ಚುವುದಿದ್ದರೆ ನೀರಿನ ಅಕ್ರಿಲಿಕ್, ತೆಳು ಪದರ. ಡಬ್ಬಿಯ ಸ್ಪ್ರೇ ಬಣ್ಣ ಮೆತ್ತಗಿನ ಪಿವಿಸಿ ಮೇಲೆ ಎಷ್ಟೋ ಸಲ ತಿಂಗಳುಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಒರೆಸಲಿಕ್ಕೆ ನೇಲ್ ಪಾಲಿಶ್ ರಿಮೂವರ್ ತೆಗೆದುಕೊಳ್ಳಲೇಬೇಡಿ, ಅದರಲ್ಲಿರುವ ಅಸಿಟೋನ್ ಬಣ್ಣದ ಜೊತೆ ಗಟ್ಟಿ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ.

ಹಾಸನದಿಂದ:
ಎಲ್ಲರಿಗೂ ಥ್ಯಾಂಕ್ಸ್. ಜೋಗೆ ಪಿನ್ನು, ಅದು ನಿಶ್ಚಯ. ಕತ್ತಿನ ಮುಂಭಾಗದಲ್ಲಿ ಒಂದು ಚೂರು ಹಾರಿಹೋಗಿದೆ, ಅಲ್ಲಿಗೆ ಎಂ-ಸೀಲ್ ತುಂಬಬಹುದಾ?

ಮೈಸೂರಿನಿಂದ:
ತುಂಬಿ. ಪಿನ್ ಹಾಕಿದ ಅಂಟು ಒಣಗಿದ ಮೇಲೆ ಮಾತ್ರ. ಒದ್ದೆ ಬೆರಳಲ್ಲಿ ನುಣುಪು ಮಾಡಿ, ಗಟ್ಟಿಯಾದಾಗ 600 ನಂಬರಿನ ಉಪ್ಪುಕಾಗದ ಆಡಿಸಿ. ಎದೆಯೊಳಗೆ ಹೋಗುವ ಭಾಗಕ್ಕೆ ಮಾತ್ರ ತಾಗಿಸಬೇಡಿ, ಅಲ್ಲಿ ಒಂದು ಕೂದಲೆಳೆ ದಪ್ಪವಾದರೂ ಹೋಳುಗಳು ಮುಚ್ಚಿಕೊಳ್ಳಲ್ಲ.