ಮನೆಯೊಳಗೂ ಒಪ್ಪಂದ ಬೇಕಾ? ಅರ್ಥಶಾಸ್ತ್ರದ ಮೇಡಂ ಜೊತೆ ಪ್ರಶ್ನೋತ್ತರ

ನಿರ್ವಾಹಕಿ: ಇವತ್ತು ನಮ್ಮ ಜೊತೆ ಇರೋರು ಕುಟುಂಬದ ಅರ್ಥಶಾಸ್ತ್ರ ಪಾಠ ಮಾಡೋ ಮೇಡಂ. ಮುಕ್ತ ಮಾರುಕಟ್ಟೆ ಪರ ವಾದಿಸ್ತಾರೆ, ಸ್ತ್ರೀವಾದಿ ಅಂತಲೂ ಹೇಳ್ಕೋತಾರೆ. ಎರಡೂ ಒಂದೇ ಸೂರಿನಡಿ ಹೇಗೆ ಅಂತ ಅವರನ್ನೇ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಪುಸ್ತಕದಹುಳು: ನಮಸ್ಕಾರ ಮೇಡಂ. ನಿಮ್ಮಂಥ ಮುಕ್ತ ಮಾರುಕಟ್ಟೆಯ ಲಿಬರ್ಟೇರಿಯನ್ನರು ‘ಸರ್ಕಾರ ದೂರ ಇರಲಿ’ ಅಂತಾರೆ. ಸ್ತ್ರೀವಾದಿಗಳು ‘ಸರ್ಕಾರ ಬರಲಿ’ ಅಂತಾರೆ. ಇವೆರಡು ಎಣ್ಣೆ ಸೀಗೇಕಾಯಿ ಅಲ್ವಾ?

ಮೇಡಂ: ನಮಸ್ಕಾರ. ಸ್ತ್ರೀವಾದದ ಹಳೇ ಬೇಡಿಕೆಗಳನ್ನ ಒಮ್ಮೆ ಓದಿ. ಬಹುಪಾಲು ‘ಕಾನೂನೇ, ಅಡ್ಡ ನಿಲ್ಲಬೇಡ’ ಅನ್ನೋದೇ. ಇಂಗ್ಲೆಂಡಿನ ಹಳೇ ಕಾನೂನಲ್ಲಿ ಮದುವೆ ಆದ ಹೆಂಗಸಿನ ಕೂಲಿ ಗಂಡನ ಸ್ವತ್ತು. ಕೂಲಿ ಅವಳ ಕೈಗೆ ಬಂದಿದ್ದು 1870ರ ಕಾಯ್ದೆಯಿಂದ, ಆಸ್ತಿ 1882ರ ಕಾಯ್ದೆಯಿಂದ. ಫ್ರಾನ್ಸ್‌ನಲ್ಲಿ ಗಂಡನ ಒಪ್ಪಿಗೆ ಇಲ್ಲದೆ ಸ್ವಂತ ಬ್ಯಾಂಕ್ ಖಾತೆ ತೆರೆಯೋ ಹಕ್ಕು ಹೆಂಡತಿಗೆ ಸಿಕ್ಕಿದ್ದು 1965ರಲ್ಲಿ. ಪಶ್ಚಿಮ ಜರ್ಮನಿಯಲ್ಲಿ 1977ರ ತನಕ, ಸಂಸಾರದ ಕರ್ತವ್ಯಕ್ಕೆ ಅಡ್ಡಿ ಆಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡೀಬಹುದು ಅಂತ ಕಾನೂನಲ್ಲೇ ಬರೆದಿತ್ತು. ಈ ಬೀಗಗಳನ್ನ ಹಾಕಿದ್ದು ಮಾರುಕಟ್ಟೆ ಅಲ್ಲ.

ನೇರನುಡಿ: ಸರಿ ಮೇಡಂ, ಆದರೆ ಕಾರ್ಖಾನೆ ಹೆಂಗಸರನ್ನ ಕಾಪಾಡಿದ್ದೂ ಕಾನೂನೇ ಅಲ್ವಾ? ಕೆಲಸದ ಗಂಟೆ ಕಡಿಮೆ ಮಾಡಿದ್ದು ಯಾರು?

ಮೇಡಂ: ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪು ಪಕ್ಕಪಕ್ಕ ಇಟ್ಟು ನೋಡಿ. 1905ರಲ್ಲಿ ಬೇಕರಿ ಕೆಲಸಗಾರರ ಗಂಟೆಗೆ ಮಿತಿ ಹಾಕೋ ಹಾಗಿಲ್ಲ, ಅದು ಒಪ್ಪಂದದ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತು. ಮೂರೇ ವರ್ಷ ಆದಮೇಲೆ, 1908ರಲ್ಲಿ, ಲಾಂಡ್ರಿ ಹೆಂಗಸರ ದುಡಿಮೆಗೆ ದಿನಕ್ಕೆ 10 ಗಂಟೆ ಮಿತಿ ಸರಿ ಅಂತ ಎತ್ತಿಹಿಡೀತು. ಕಾರಣ? ಆರೋಗ್ಯವಂತ ತಾಯಿ ಇದ್ದರೆ ಗಟ್ಟಿ ಸಂತಾನ, ಹಾಗಾಗಿ ಹೆಂಗಸಿನ ಮೈ ಸಾರ್ವಜನಿಕ ಹಿತದ ವಿಷಯ. ಗಂಡಸು ತನ್ನ ಒಪ್ಪಂದ ತಾನೇ ಮಾಡ್ಕೋತಾನೆ, ಹೆಂಗಸಿನ ಪರವಾಗಿ ನಾವು ಯೋಚಿಸ್ತೀವಿ ಅಂತ. ಈ ಥರದ ಕಾಳಜಿ ಕಂಡರೆ ನನಗೆ ಭಯ.

ನೇರನುಡಿ: ಆ ಲಾಂಡ್ರಿ ಹೆಂಗಸನ್ನ ಕೇಳಿದ್ರೆ 10 ಗಂಟೆ ಸಾಕಪ್ಪಾ ಅಂತಿದ್ಲೇನೋ. ಭಯ ಪಡೋಕೆ ನಿಮಗೆ ಪುರುಸೊತ್ತಿದೆ.

ಮೇಡಂ: ಅಂತಿದ್ಲೇನೋ. ಆದರೆ ಅವಳನ್ನ ಯಾರೂ ಕೇಳಲಿಲ್ಲ.

ಹಳೆಲೆಕ್ಕ: ಫಾರ್ವರ್ಡ್ ಅಲ್ಲ, ಒಳ್ಳೇ ವಿಚಾರ ಅಂತ ಹಾಕ್ತಿದ್ದೀನಿ. ‘ಗೃಹಿಣಿ = ಅಡುಗೆಯವಳು + ನರ್ಸ್ + ಟೀಚರ್ + ಡ್ರೈವರ್ + ಕಾವಲುಗಾರ್ತಿ. ಇಷ್ಟೂ ಸಂಬಳ ಕೂಡಿಸಿ ಸರ್ಕಾರ ಪ್ರತಿ ತಿಂಗಳು ಕೊಟ್ಟರೆ ಸಂಸಾರದ ಜಗಳವೇ ಇರೋಲ್ಲ. 10 ಜನಕ್ಕೆ ಕಳಿಸಿ.’

ಮೇಡಂ: ಇದು ಫಾರ್ವರ್ಡೇ. ಮನೆಗೆಲಸಕ್ಕೆ ಸಂಬಳ ಕೊಡಿ ಅನ್ನೋ ಚಳವಳಿ 1972ರಲ್ಲೇ ಇಟಲಿಯಲ್ಲಿ ಶುರುವಾಗಿತ್ತು, ಹೊಸದೇನಲ್ಲ. ಮನೆಗೆಲಸವೂ ಉತ್ಪಾದನೆಯೇ ಅನ್ನೋದು ಸರಿ. ಇನ್ನೊಬ್ಬರಿಗೆ ದುಡ್ಡು ಕೊಟ್ಟು ಮಾಡಿಸಬಹುದಾದದ್ದೆಲ್ಲ ದುಡಿಮೆ ಅಂತ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲೇ ಅಳತೆಗೋಲು ಕೊಟ್ಟಿದ್ದಾರೆ. ಆದರೆ ಸಂಬಳ ಸರ್ಕಾರ ಕೊಟ್ಟರೆ ಯಜಮಾನ ಯಾರು? ಕೆಲಸ ಸರಿ ಇಲ್ಲ ಅಂತ ತಪಾಸಣೆಗೆ ಬರೋರು ಯಾರು? ಆ ತೆರಿಗೆ ಕಟ್ಟೋರಲ್ಲಿ ಹೊರಗೂ ಒಳಗೂ ದುಡಿಯೋ ಹೆಂಗಸೂ ಇದ್ದಾಳೆ. ಹತ್ತು ಜನಕ್ಕೆ ಕಳಿಸಬೇಡಿ.

ಹೆಸರುಬೇಡ: ಮೇಡಂ, ನಂದು ಸ್ವಲ್ಪ ಉದ್ದ. ಹನ್ನೊಂದು ವರ್ಷದ ಹಿಂದೆ ಮೊದಲನೇ ಮಗು ಆದಾಗ ಕೆಲಸ ಬಿಟ್ಟೆ. ಆಮೇಲೆ ನಮ್ಮ ಯಜಮಾನರು ಸ್ವಂತ ವ್ಯವಹಾರ ಶುರು ಮಾಡಿದ್ರು. ಲೆಕ್ಕಪತ್ರ ಪೂರ್ತಿ ನಾನೇ. ಲೆಡ್ಜರ್ ತೆಗೆದರೆ ಮೊದಲ ಪುಟದಿಂದ ಕೊನೇ ಪುಟದವರೆಗೂ ನನ್ನ ಅಕ್ಷರ, ಸಹಿ ಮಾತ್ರ ಅವರದ್ದು. ಮನೆ, ಖಾತೆ, ವ್ಯವಹಾರ, ಯಾವುದರಲ್ಲೂ ನನ್ನ ಹೆಸರಿಲ್ಲ. ಅವರು ಕೆಟ್ಟವರಲ್ಲ. ಮೊನ್ನೆ ಈ ಮಾತೆತ್ತಿದೆ. ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂದ್ರು. ಎರಡು ದಿನ ಮಾತಿಲ್ಲ. ನಿಮ್ಮ ವಾದದ ಪ್ರಕಾರ ಕೆಲಸ ಬಿಟ್ಟಿದ್ದು ನನ್ನದೇ ಆಯ್ಕೆ. ಹಾಗಾದ್ರೆ ನಾನು ಕೇಳೋದೇ ತಪ್ಪಾ?

ಮೇಡಂ: ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅವರು ಕೆಟ್ಟವರಲ್ಲ ಅಂತಲೇ ಇಟ್ಕೊಂಡು ಬರೀತೀನಿ.

ಗ್ಯಾರಿ ಬೆಕರ್ ಅಂತ ಅರ್ಥಶಾಸ್ತ್ರಜ್ಞ, 1992ರಲ್ಲಿ ನೊಬೆಲ್ ಬಂತು. ಮನೆಯನ್ನ ಒಂದು ಸಣ್ಣ ಕಾರ್ಖಾನೆ ಥರ ನೋಡಿದವರು. ಒಬ್ಬರು ಹೊರಗಿನ ದುಡಿಮೆಯಲ್ಲಿ ಪಳಗಲಿ, ಇನ್ನೊಬ್ಬರು ಒಳಗಿನದರಲ್ಲಿ, ಇಬ್ಬರಿಗೂ ಲಾಭ. ಈ ಲೆಕ್ಕ ಸುಳ್ಳಲ್ಲ. ಆದರೆ ಹೊರಗೆ ಪಳಗಿದವರ ಅನುಭವ ಅವರ ಜೊತೆ ಎಲ್ಲಿಗೆ ಬೇಕಾದರೂ ಬರುತ್ತೆ. ನಿಮ್ಮದು ಬರಲ್ಲ. ಯಾವ ಗಿರಾಕಿ ದುಡ್ಡು ತಡ ಮಾಡ್ತಾನೆ, ಯಾವ ಮಗುಗೆ ರಾತ್ರಿ ಕೆಮ್ಮು ಹೆಚ್ಚು, ಇದು ನಿಮಗೆ ಬಾಯಿಪಾಠ. ಇದಕ್ಕೆ ಆ ಮನೆಯಾಚೆ ಒಬ್ಬರೂ ಸಂಬಳ ಕೊಡಲ್ಲ. ಹನ್ನೊಂದು ವರ್ಷದಲ್ಲಿ ಅವರ ಬೆಲೆ ಹೊರಗೂ ಏರಿದೆ, ನಿಮ್ಮದು ಆ ಗೋಡೆಗಳ ಒಳಗೆ ಮಾತ್ರ. 1980ರ ಸುಮಾರಿಗೆ ಬಂದ ಅರ್ಥಶಾಸ್ತ್ರಜ್ಞರು ಬೆಕರ್ ಬಿಟ್ಟಿದ್ದ ಈ ಸಂದನ್ನೇ ಹಿಡಿದರು. ಸಂಸಾರದಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದು, ಬಿಟ್ಟು ಹೋದರೆ ಯಾರ ಗತಿ ಏನು ಅನ್ನೋದರ ಮೇಲೆ ನಿಂತಿರುತ್ತೆ. ಯಾರೂ ಬಿಟ್ಟು ಹೋಗಬೇಕಾಗಿಲ್ಲ. ಹೋಗೋಕೆ ಆಗುತ್ತೆ ಅಂತ ಇಬ್ಬರಿಗೂ ಗೊತ್ತಿದ್ದರೆ ಸಾಕು.

ಇಲ್ಲಿ ನನ್ನ ಮುಕ್ತ ಮಾರುಕಟ್ಟೆ ಪಂಗಡದವರನ್ನೂ ಬೈಬೇಕು. ‘ಸ್ವಂತ ಆಯ್ಕೆ’ ಅಂದ ತಕ್ಷಣ ಅವರ ಕೆಲಸ ಮುಗೀತು. ಯಾರಾದರೂ ಒಬ್ಬ ಹನ್ನೊಂದು ವರ್ಷ ಇನ್ನೊಬ್ಬರ ಸಂಸ್ಥೆಗೆ ಪಾಲು ಇಲ್ಲದೆ, ಪತ್ರ ಇಲ್ಲದೆ ದುಡಿದರೆ ಇದೇ ಜನ ಅವನನ್ನ ಪೆದ್ದ ಅಂತಾರೆ. ಅದನ್ನೇ ಹೆಂಡತಿ ಮಾಡಿದರೆ ತ್ಯಾಗ. ನೀವು ಕೇಳ್ತಿರೋದು ದಾನ ಅಲ್ಲ, ಬಾಯಿಮಾತಲ್ಲಿ ಇರೋ ಒಪ್ಪಂದವನ್ನ ಬರಹಕ್ಕೆ ಇಳಿಸಿ ಅಂತ. ಇದಕ್ಕಿಂತ ಮಾರುಕಟ್ಟೆಯ ಮಾತು ಇನ್ನೊಂದಿಲ್ಲ.

ನಂಬಿಕೆ ವಿಷಯಕ್ಕೆ ಬರ್ತೀನಿ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1851ರಲ್ಲಿ ಹ್ಯಾರಿಯಟ್ ಟೇಲರ್ ಅವರನ್ನ ಮದುವೆ ಆಗೋ ಮುಂಚೆ ಒಂದು ಕಾಗದ ಬರೆದಿಟ್ಟರು. ಆಕೆಯ ದೇಹ, ಆಸ್ತಿ, ಓಡಾಟದ ಮೇಲೆ ಕಾನೂನು ಗಂಡನಿಗೆ ಕೊಡೋ ಅಧಿಕಾರ ನನಗೆ ಒಪ್ಪಿಗೆ ಇಲ್ಲ, ಎಂದೂ ಬಳಸಲ್ಲ ಅಂತ. ಆ ಕಾಗದಕ್ಕೆ ಕಾನೂನಿನ ಬಲ ಇರಲಿಲ್ಲ. ಇಪ್ಪತ್ತು ವರ್ಷದ ಒಡನಾಟ ಇದ್ದ ಹೆಂಗಸಿಗೆ ಬರೆದದ್ದು. ನಂಬಿಕೆ ಸಾಲದೆ ಬರೆದರು ಅಂತೀರಾ?

ಸಂಬಳ ಕೇಳಬೇಡಿ. ಸಂಬಳ ಕೊಡೋರು ನಿಲ್ಲಿಸಲೂಬಹುದು. ವ್ಯವಹಾರದಲ್ಲಿ ಪಾಲು ಕೇಳಿ. ನಿಮ್ಮ ಹೆಸರಲ್ಲಿ ಒಂದು ಖಾತೆ ತೆರೆಯಿರಿ, ಮುಚ್ಚುಮರೆ ಬೇಡ, ಹೇಳಿಯೇ ತೆರೆಯಿರಿ. ಜಗಳದ ದಿನ ಕೇಳಬೇಡಿ. ವರ್ಷದ ಲೆಕ್ಕ ಮುಗಿಸಿದ ದಿನ ಲೆಡ್ಜರ್ ಎದುರಿಗಿಟ್ಟು ಕೇಳಿ.

ಸಂಜೆಗಾಳಿ: ಮೇಡಂ, ಒಪ್ಪಂದ ಒಪ್ಪಂದ ಅಂತೀರಿ. ಮಗು ಯಾವ ಒಪ್ಪಂದಕ್ಕೆ ಸಹಿ ಹಾಕಿದೆ? ಹುಟ್ಟೋ ಮುಂಚೆ ಕೇಳಿದ್ರಾ?

ದಾರಿಹೋಕ: @ಹೆಸರುಬೇಡ ಅಕ್ಕಾ, ಒಂದು ಉಪಾಯ ಬಂದಿದೆ ನೋಡಿ. ಜಂಟಿ ಖಾತೆ ಇದ್ದರೆ ರಾತ್ರೋರಾತ್ರಿ ಪೂರ್ತಿ ದುಡ್ಡು ತೆಗೆದು ತವರಿನವರ ಹೆಸರಿಗೆ ಹಾಕಿ, ಆಮೇಲೆ ಮಾತಾಡಿ. ಒಪ್ಪಂದದ ನಮೂನೆನೂ ಇದೆ, ಪ್ರಿಂಟ್ ತೆಗೆದು ಸಹಿ ಹಾಕಿದ್ರೆ ಸಾಕು, ವಕೀಲರೇ ಬೇಡ.

ಮೇಡಂ: ಎರಡೂ ಮಾಡಬೇಡಿ. ದುಡ್ಡು ಬಚ್ಚಿಟ್ಟರೆ ನಾಳೆ ನ್ಯಾಯಾಲಯದಲ್ಲಿ ಕಳ್ಳತನದ ಮಾತು ನಿಮ್ಮ ಮೇಲೇ ಬರಬಹುದು. ಮನೆಯಲ್ಲಿ ಉಳಿದ ನಂಬಿಕೆಯೂ ಹೋಗುತ್ತೆ. ಆ ನಮೂನೆ ಬರೆದವರಿಗೆ ನಿಮ್ಮ ಊರಿನ ಕಾನೂನು ಗೊತ್ತಾ? ಮದುವೆಯ ಒಪ್ಪಂದವನ್ನ ಎಲ್ಲಾ ಕಡೆ ನ್ಯಾಯಾಲಯ ಒಂದೇ ರೀತಿ ಒಪ್ಪಲ್ಲ. ಇಂಥ ನಮೂನೆಯ ಮೂಲೆಯಲ್ಲಿ ‘ಹಿಂದಿನ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ’ ಅಂತ ಒಂದು ಸಾಲು ಇದ್ದರೆ ಸಹಿ ಹಾಕಿದೋಳಿಗೇ ಕುಣಿಕೆ. ನಿಮಗೊಬ್ಬರು ವಕೀಲರು, ಅವರಿಗೊಬ್ಬರು. ಇಬ್ಬರಿಗೂ ಒಬ್ಬರೇ ಬೇಡ.

ಹಳೆಲೆಕ್ಕ: ವಕೀಲರು, ಪಾಲು, ಲೆಡ್ಜರ್! ಮನೆಯನ್ನ ಕಂಪನಿ ಮಾಡಿಬಿಟ್ರಲ್ಲ. ಸಂಸಾರ ಅಂದ್ರೆ ಒಂದೇ ಗಂಟು. ದುಡ್ಡು ಯಾರ ಕೈಯಲ್ಲಿದ್ರೇನು?

ಮೇಡಂ: ವ್ಯತ್ಯಾಸ ಇದೆ ಸರ್. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಗೆ, ತೆರಿಗೆ ರಿಯಾಯಿತಿಯಾಗಿ ಅಪ್ಪನ ಸಂಬಳದ ಚೀಟಿಯಲ್ಲಿ ಸೇರ್ತಿದ್ದ ಮಕ್ಕಳ ಭತ್ಯೆಯನ್ನ ತಾಯಿಯ ಕೈಗೆ ಕೊಡೋಕೆ ಶುರು ಮಾಡಿದರು. ಲುಂಡ್‌ಬರ್ಗ್, ಪೊಲಾಕ್, ವೇಲ್ಸ್ ಅಂತ ಮೂವರು ಅರ್ಥಶಾಸ್ತ್ರಜ್ಞರು 1997ರಲ್ಲಿ ಇದನ್ನ ಅಳೆದರು. ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ, ಮಕ್ಕಳ ಬಟ್ಟೆಗೆ ಆಗೋ ಖರ್ಚು ಹೆಚ್ಚಿತ್ತು. ಒಂದೇ ಗಂಟಾಗಿದ್ದರೆ ಕೈ ಬದಲಾದ ಮಾತ್ರಕ್ಕೆ ಖರ್ಚು ಯಾಕೆ ಬದಲಾಗಬೇಕು?

ನೇರನುಡಿ: ಅಯ್ಯೋ ಮೇಡಂ, ಅದು ಸರ್ಕಾರದ ಭತ್ಯೆ! ನಿಮ್ಮ ವಾದಕ್ಕೆ ಸರ್ಕಾರವೇ ಸಾಕ್ಷಿ ಆಯ್ತಲ್ಲ.

ಮೇಡಂ: ಹೌದು, ಆಯ್ತು. ಸಾಕ್ಷಿ ಎಲ್ಲಿಂದ ಬಂದರೂ ತಗೋತೀನಿ. ಭತ್ಯೆ ಇರಬೇಕು ಅಂತ ನಾನು ಹೇಳಲಿಲ್ಲ.

ಹಳೆಲೆಕ್ಕ: ನಮ್ಮ ಮನೇಲಿ ನಲವತ್ತು ವರ್ಷದಿಂದ ಒಂದೇ ಗಂಟು. ನನ್ನ ಹೆಂಡತಿ ಒಂದು ದಿನವೂ ದೂರಿಲ್ಲ.

ನೇರನುಡಿ: ಅವರು ಈ ಗುಂಪಲ್ಲಿ ಇದ್ದಾರಾ ಸರ್? ಅವರ ಬಾಯಿಂದಲೇ ಕೇಳೋಣ.

ಹಳೆಲೆಕ್ಕ: ನನ್ನ ಮನೆ ಸುದ್ದಿಗೆ ಬರಬೇಡಮ್ಮ. ವಯಸ್ಸಿಗೆ ಬೆಲೆ ಕೊಡೋದು ಕಲಿ.

ನೇರನುಡಿ: ಮನೆ ಸುದ್ದಿ ತಂದಿದ್ದು ನೀವು. ಏಕವಚನ ಬೇಡ.

ಪುಸ್ತಕದಹುಳು: ಗಂಡಸರ, ಹೆಂಗಸರ ಸಂಬಳದ ಅಂತರಕ್ಕೆ ಕಾರಣ ತಾರತಮ್ಯವಾ, ಮಕ್ಕಳಾ, ಮೇಡಂ?

ದಾರಿಹೋಕ: ಎರಡೂ ಅಲ್ಲ, ಸೋಮಾರಿತನ 😀

ನೇರನುಡಿ: ಇವರನ್ನ ಹೊರಗೆ ಹಾಕಿ ನಿರ್ವಾಹಕರೇ.

ನಿರ್ವಾಹಕಿ: ಒಬ್ಬರಿಗೆ ಒಂದೇ ಪ್ರಶ್ನೆ ಅಂದಿದ್ದೆ. ದಾರಿಹೋಕ, ಇದು ಕೊನೇ ಎಚ್ಚರಿಕೆ.

ಮೇಡಂ: ಕ್ಲಾಡಿಯಾ ಗೋಲ್ಡಿನ್ ಅಂತ ಅರ್ಥಶಾಸ್ತ್ರಜ್ಞೆ, 2023ರಲ್ಲಿ ನೊಬೆಲ್ ಬಂತು, ಇದನ್ನೇ ಅಧ್ಯಯನ ಮಾಡಿದವರು. ಶ್ರೀಮಂತ ದೇಶಗಳಲ್ಲಿ ಇವತ್ತು ಅಂತರದ ದೊಡ್ಡ ಪಾಲು ಮೊದಲನೇ ಮಗು ಆದಮೇಲೆ ಬರುತ್ತೆ. ಹೊತ್ತುಗೊತ್ತಿಲ್ಲದೆ ದುಡಿಯೋರಿಗೆ ದುಪ್ಪಟ್ಟು ಕೊಡೋ ಕೆಲಸಗಳಲ್ಲಿ ಇನ್ನೂ ಜಾಸ್ತಿ. ಸೋಮಾರಿತನ ಅಂದವರು ಒಂದು ವಾರ ಎಳೇ ಮಗು ನೋಡ್ಕೊಂಡು ಬಂದು ಬರೀಲಿ.

ಹೊಸಸದಸ್ಯ: ಗೃಹಿಣಿ = ಅಡುಗೆಯವಳು + ನರ್ಸ್ + ಟೀಚರ್... ಮೇಡಂ, ಇದಕ್ಕೆ ನಿಮ್ಮ ಅಭಿಪ್ರಾಯ?

ಮೇಡಂ: ಮೇಲೆ ಓದಿ.

ಹೊಸಸದಸ್ಯ: ಸರ್ಕಾರ ಕೊಟ್ಟರೆ ತಪ್ಪೇನು ಅಂತ...

ಮೇಡಂ: ಮೇಲೆ ಇದೆ. ಓದದೆ ಕೇಳಿದರೆ ಉತ್ತರ ಇಲ್ಲ.

ಹೆಸರುಬೇಡ: ಮೇಡಂ, ಕೊನೇದಾಗಿ. ಪಾಲು ಎಷ್ಟು ಅಂತ ಕೇಳಲಿ? ಅವರು ಹತ್ತು ಪರ್ಸೆಂಟ್ ಅಂದ್ರೆ ಒಪ್ಪಿಬಿಡ್ತೀನೇನೋ ಅಂತ ನನಗೇ ಭಯ.

ಮೇಡಂ: ಅರ್ಧದಿಂದ ಶುರು ಮಾಡಿ. ಕೆಲಸ ಬಿಟ್ಟಾಗ ಎಷ್ಟು ಸಂಬಳ ಇತ್ತು, ಈ ಹನ್ನೊಂದು ವರ್ಷ ಲೆಕ್ಕ ಬರೆಯೋಕೆ ಹೊರಗಿನವರನ್ನ ಇಟ್ಟಿದ್ದರೆ ಎಷ್ಟು ಆಗ್ತಿತ್ತು, ಎರಡನ್ನೂ ಒಂದು ಹಾಳೆಯಲ್ಲಿ ಬರೀರಿ. ಹತ್ತು ಅಂದರೆ ಆ ಹಾಳೆ ಕೊಡಿ. ಅಲ್ಲೇ ಒಪ್ಪಬೇಡಿ, ‘ಯೋಚಿಸ್ತೀನಿ’ ಅನ್ನಿ.

ಹಳೆಲೆಕ್ಕ: ಸಂಸಾರ ಒಡೆಯೋದು ಹೀಗೇ.

ಹೆಸರುಬೇಡ: ಅಂಕಲ್, ನಿಮ್ಮನ್ನ ಕೇಳಲಿಲ್ಲ.

ಸಂಜೆಗಾಳಿ: ಮಗು ಸಹಿ ಹಾಕಿಲ್ಲ ಅನ್ನೋ ಪ್ರಶ್ನೆ ಹಾಗೇ ಉಳೀತು. ಮೇಡಂ?

ಸಂಜೆಗಾಳಿ: ಮೇಡಂ, ಇದ್ದೀರಾ?

ನಿರ್ವಾಹಕಿ: ಮೇಡಂ ಹೊರಟ್ರು. ಕಾಮೆಂಟ್ ಮುಚ್ತಿದ್ದೀನಿ.