ಸ್ವಾನುಕಂಪ, ಸ್ವಮರುಕ, ಅಂತಃಕರಣ: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಕಾಲೇಜೊಂದರ ಆಪ್ತಸಮಾಲೋಚನೆ ಕೊಠಡಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಷಿಯಲ್ ಆಂಕ್ಸೈಟಿ, ಸೆಲ್ಫ್ ಎಸ್ಟೀಮ್, ಸೆಲ್ಫ್ ಕಂಪ್ಯಾಷನ್ ಎಂಬ ಮೂರು ಪದಗಳು ಮೂರು ದಿನದಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ.

ಮೊದಲನೆಯದಕ್ಕೆ ‘ಸಾಮಾಜಿಕ ಆತಂಕ’ ಎಂಬ ಪದ ಚಾಲ್ತಿಯಲ್ಲಿದೆ. ಆದರೆ ಅದನ್ನು ಓದಿದರೆ ಊರಿನಲ್ಲಿ ಗಲಭೆಯಾದೀತೆಂಬ ಚಿಂತೆಯೇನೋ ಅನ್ನಿಸುತ್ತದೆ. ‘ಸಭಾಕಂಪ’ ಸೊಗಸಾದ ಪದ, ಆದರೆ ವೇದಿಕೆಯಿಂದ ಕೆಳಗಿಳಿಯುವುದಿಲ್ಲ. ಈ ತೊಂದರೆ ಇರುವವರಿಗೆ ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಉಣ್ಣುವುದೂ ಕಷ್ಟ, ಪಕ್ಕದಲ್ಲಿ ಯಾರೋ ನಿಂತಿರುವಾಗ ಬ್ಯಾಂಕಿನ ಚಲನ್ ತುಂಬುವುದೂ ಕಷ್ಟ. ಮನೋವೈದ್ಯ ಲೀಬೋವಿಟ್ಸ್ 1987ರಲ್ಲಿ ಪ್ರಕಟಿಸಿದ, 24 ಸಂದರ್ಭಗಳ ಅಳತೆಪಟ್ಟಿಯಲ್ಲಿ ಊಟ, ಫೋನ್, ಬರವಣಿಗೆ ಎಲ್ಲವೂ ಇವೆ. ‘ಸಂಕೋಚ’ ಎನ್ನೋಣವೆಂದರೆ ನಮ್ಮಲ್ಲಿ ಅದು ಅರ್ಧ ಸದ್ಗುಣ. ‘ನಾಚಿಕೆ’ಯಂತೂ ಇಲ್ಲದಿದ್ದರೇ ಬೈಗುಳ ಬೀಳುತ್ತದೆ. ‘ನಾಲ್ಕು ಜನ ಏನೆಂದುಕೊಳ್ಳುತ್ತಾರೋ’ ಎಂಬ ಮಾತಿನಲ್ಲಿ ಈ ತೊಂದರೆಯ ತಿರುಳೇ ಇದೆ. ಅದನ್ನು ನೆನೆದು ಸದ್ಯಕ್ಕೆ ‘ಜನರೆದುರಿನ ಅಳುಕು’ ಎಂದು ಬರೆದುಕೊಂಡಿದ್ದೇನೆ.

ಸೆಲ್ಫ್ ಎಸ್ಟೀಮ್‌ಗೆ ‘ಸ್ವಾಭಿಮಾನ’ ಬೇಡವೆಂದು ನನ್ನ ಅಭಿಪ್ರಾಯ. ಸ್ವಾಭಿಮಾನಿ ಎಂದರೆ ಯಾರ ಮುಂದೆಯೂ ಕೈಚಾಚದವನು. ಅಂಥವನೂ ತನ್ನನ್ನು ತಾನು ಕೀಳಾಗಿ ಎಣಿಸಿಕೊಂಡಿರಬಹುದು. ‘ಆತ್ಮವಿಶ್ವಾಸ’ ಸಾಮರ್ಥ್ಯದ ಮಾತು. 1965ರ ರೋಸೆನ್‌ಬರ್ಗ್ ಅಳತೆಪಟ್ಟಿಯ ಹತ್ತು ಹೇಳಿಕೆಗಳು ಕೇಳುವುದು ನಿನಗೆ ನೀನು ಎಷ್ಟು ಬೆಲೆ ಕೊಟ್ಟುಕೊಂಡಿದ್ದೀಯೆ ಎಂದು. ‘ಆತ್ಮಗೌರವ’ ಸಾಕು, ಮುಂದೆ ಹೋಗುತ್ತೇನೆ.

ನಿಜವಾದ ತೊಡಕು ಸೆಲ್ಫ್ ಕಂಪ್ಯಾಷನ್‌ನದು, ಅಂದರೆ ತನ್ನ ಬಗೆಗೆ ತನಗಿರುವ ಕರುಣೆಯದು. ನಿಘಂಟಿನ ದಾರಿ ಹಿಡಿದರೆ ‘ಸ್ವಾನುಕಂಪ’ ಆಗಬೇಕು. ಆದರೆ ನಮ್ಮ ವಿಮರ್ಶಕರು ಆ ಪದವನ್ನು ಎಂದೋ ಬೈಗುಳಕ್ಕೆ ತೆಗೆದಿರಿಸಿಕೊಂಡಿದ್ದಾರೆ: ಕವಿ ಸ್ವಾನುಕಂಪದಲ್ಲಿ ಮುಳುಗಿದ್ದಾನೆ ಎಂದರೆ ಕವಿತೆ ಕೆಟ್ಟಿದೆ ಎಂದರ್ಥ. ‘ಸ್ವಮರುಕ’ದ ಪಾಡೂ ಅದೇ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಈ ಪರಿಕಲ್ಪನೆಯನ್ನು ವಿವರಿಸುವಾಗ ಮೂರು ಎಳೆಗಳನ್ನು ಹೇಳುತ್ತಾರೆ: ಎಡವಿದಾಗ ತನ್ನೊಡನೆ ಮೆದುವಾಗಿರುವುದು, ಎಡವುವುದು ಎಲ್ಲ ಮನುಷ್ಯರ ಪಾಡೆಂದು ನೆನೆಯುವುದು, ನೋವನ್ನು ಹಿಗ್ಗಿಸದೆ, ಅದುಮದೆ ಇದ್ದಂತೆ ನೋಡುವುದು. ಸ್ವಮರುಕ ಎರಡನೆಯ ಎಳೆಯನ್ನೇ ಕಡಿಯುತ್ತದೆ. ‘ನನಗೊಬ್ಬನಿಗೇ ಯಾಕೆ ಹೀಗೆ’ ಎಂಬುದು ಅದರ ಪಲ್ಲವಿ.

ಸೆಲ್ಫ್ ಎಸ್ಟೀಮ್, ಸೆಲ್ಫ್ ಕಂಪ್ಯಾಷನ್ ಎರಡಕ್ಕೂ ‘ಆತ್ಮಗೌರವ’ ಎಂದೇ ಬರೆದುಬಿಡಿ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಆಗದು. ಗೌರವಕ್ಕೆ ತಕ್ಕಡಿ ಬೇಕು, ಅಳುಕುವವನು ಆ ತಕ್ಕಡಿಯನ್ನು ನಾಲ್ಕು ಜನರ ಕೈಗೇ ಕೊಟ್ಟಿರುತ್ತಾನೆ. ಇಂದಿನ ಭಾಷಣ ಚೆನ್ನಾಗಿ ಆದರೆ ತೂಕ ಏರುತ್ತದೆ, ನಾಳೆ ನಾಲಿಗೆ ತೊದಲಿದರೆ ಇಳಿಯುತ್ತದೆ. ನಮಗೆ ಪದ ಬೇಕಾಗಿರುವುದು ತೊದಲಿದ ದಿನದ ಸಂಜೆಗೆ. ಸಾಮಾಜಿಕ ಅಳುಕು ಹೆಚ್ಚಿರುವವರಲ್ಲಿ ತಮ್ಮ ಬಗೆಗಿನ ಗೌರವ, ಕರುಣೆ ಎರಡೂ ಕಡಿಮೆ ಕಾಣುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ, ಆದರೆ ಅವು ಒಂದೇ ಅಲ್ಲ. ನೆಫ್ ಮತ್ತು ವೋಂಕ್ 2009ರಲ್ಲಿ ತೋರಿಸಿದಂತೆ, ತನ್ನ ಬಗೆಗೆ ಕರುಣೆಯುಳ್ಳವರ ಸ್ವಮೌಲ್ಯದ ಭಾವ ಅಷ್ಟಾಗಿ ಏರಿಳಿಯುವುದಿಲ್ಲ.

ಇಲ್ಲೊಂದು ಕುತೂಹಲ. ಸಭಾಕಂಪ, ಅನುಕಂಪ ಎರಡರಲ್ಲೂ ಇರುವುದು ನಡುಗುವ ‘ಕಂಪ’ವೇ (ಮಲ್ಲಿಗೆಯ ಕಂಪು ಬೇರೆ). ಇನ್ನೊಬ್ಬರ ನಡುಕಕ್ಕೆ ತಾನೂ ನಡುಗುವುದು ಅನುಕಂಪ. ಹೀಗೆ ನೋಡಿದರೆ ಸಭಾಕಂಪಕ್ಕೆ ಸ್ವಾನುಕಂಪಕ್ಕಿಂತ ಒಪ್ಪುವ ಮದ್ದಿಲ್ಲ! ಆದರೆ ಇಂದು ಪತ್ರಿಕೆಯಲ್ಲಿ ಅನುಕಂಪ ಕಾಣಿಸುವುದು ಚುನಾವಣೆಯ ಅಲೆಯಲ್ಲಿ, ಇಲ್ಲವೇ ಅನುಕಂಪದ ಆಧಾರದ ನೌಕರಿಯಲ್ಲಿ. ಸಾಮಾನ್ಯವಾಗಿ ಎರಡಕ್ಕೂ ಮೊದಲು ಯಾರಾದರೂ ಸಾಯಬೇಕು.

‘ಕನಿಕರ’ ಮೇಲಿನಿಂದ ಕೆಳಕ್ಕೆ ನೋಡುತ್ತದೆ, ‘ಅಕ್ಕರೆ’ಯಲ್ಲಿ ನೋವಿನ ನೆನಪಿಲ್ಲ. ನನ್ನ ಮನಸ್ಸು ವಾಲುತ್ತಿರುವುದು ‘ಅಂತಃಕರಣ’ದ ಕಡೆಗೆ. ಸಂಸ್ಕೃತದಲ್ಲಿ ಅದು ಒಳಗಿನ ಇಂದ್ರಿಯ, ಮನಸ್ಸು. ಕನ್ನಡದ ಬಾಯಲ್ಲಿ ಕರುಣೆ. ಅಂತಃಕರಣ ಉಳ್ಳವರು ಎಂದರೆ ಯಾರಿಗೂ ವಿವರಣೆ ಬೇಡ. ಸಮಾಸ ಮಾಡದೆ ‘ತನ್ನ ಮೇಲೆ ತನಗಿರುವ ಅಂತಃಕರಣ’ ಎಂದು ಬರೆದರೆ ನಡೆದೀತೇ? ಅಥವಾ ಅದು ಇನ್ನೊಬ್ಬರಿಗಾಗಿ ಮಾತ್ರ ಬಳಸುವ ಪದವೆಂದು ನಿಮ್ಮ ಕಿವಿಗೆ ಕೇಳಿಸುತ್ತದೆಯೇ? ಧಾರವಾಡ, ಕಲಬುರಗಿಯ ಕಡೆಯವರೂ ಕರಾವಳಿಯವರೂ ತಮ್ಮ ಮನೆಮಾತಿನ ಬಳಕೆ ಹೇಳಿದರೆ ಉಪಕಾರ. ಕೈಪಿಡಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.