ಮಗು ಊಟದ ವಿಷಯ: ದೊಡ್ಡಮ್ಮನಿಗೂ ಪುಟ್ಟಿಗೂ ಒಂದು ಉದ್ದದ ವಾಯ್ಸ್

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗತ್ತೆ, ಕೆಲಸ ಮುಗಿಸ್ಕೊಂಡು ನಿಧಾನಕ್ಕೆ ಕೇಳಿ. ನಿನ್ನೆ ರಾತ್ರಿ ಗ್ರೂಪಲ್ಲಿ ನಡೆದ ಮಾತಿಗೆ ಉತ್ತರ ಇದು. ಎಂಟು ತಿಂಗಳ ಮಗು ಎರಡು ಚಮಚ ತಿಂದು ಮುಖ ತಿರುಗಿಸ್ತಿದೆ, ಏನ್ಮಾಡ್ಲಿ ಅಂತ ಪುಟ್ಟಿ ಕೇಳಿದ್ಲು. ತಕ್ಷಣ ಸಲಹೆಗಳು ಬಂದ್ವು. ಕೈ ಹಿಡ್ಕೊಂಡು ತುಂಬು ಅಂತ ಒಬ್ಬರು, ಮೊಬೈಲ್ ತೋರಿಸು ಅಂತ ಇನ್ನೊಬ್ಬರು, ಹಾಲು ನಿಲ್ಸು ಹಸಿವಾದ್ರೆ ತಾನೇ ತಿನ್ನತ್ತೆ ಅಂತ ಮತ್ತೊಬ್ಬರು. ಕೊನೆಗೆ ದೊಡ್ಡಮ್ಮ, ನೀವು ಹೇಳಿದ್ರಿ, ಸಾವಿರಾರು ವರ್ಷದಿಂದ ತಾಯಂದಿರು ಒಂದೇ ರೀತಿ ಸಾಕ್ಕೊಂಡು ಬಂದಿದಾರೆ, ಈಗಿನವರಿಗೇ ದಿನಕ್ಕೊಂದು ರೂಲ್ಸು ಅಂತ. ಆಮೇಲೆ ಪುಟ್ಟಿ "ನನಗೆ ಇದೆಲ್ಲ ಬರಲ್ಲ ಬಿಡಿ" ಅಂತ ಒಂದು ಸಾಲು ಹಾಕಿ ಸುಮ್ಮನಾಗ್ಬಿಟ್ಲು. ಆ ಸಾಲು ಓದಿ ನನಗೆ ತುಂಬಾ ಸಂಕಟ ಆಯ್ತು.

ದೊಡ್ಡಮ್ಮ, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ. ಒಂದೇ ರೀತಿ ಅನ್ನೋದು ಯಾವತ್ತೂ ಇರ್ಲಿಲ್ಲ. ನಾನು ಕಾಲೇಜಲ್ಲಿ ಇಷ್ಟು ವರ್ಷ ಇತಿಹಾಸ ಪಾಠ ಮಾಡಿದೀನಿ. ರಾಜರ ಯುದ್ಧಗಳಿಗಿಂತ ಜನ ಮಕ್ಕಳನ್ನ ಹೇಗೆ ಸಾಕಿದ್ರು ಅನ್ನೋದೇ ನನ್ನನ್ನ ಹೆಚ್ಚು ಹಿಡಿದಿಟ್ಟಿರೋ ವಿಷಯ. ಜರ್ಮನಿಯ ಬವೇರಿಯಾದಲ್ಲಿ ಪುಟ್ಟ ಮಕ್ಕಳ ಸಮಾಧಿಯೊಳಗೆ ಅಂಗೈಯಗಲದ ಮಣ್ಣಿನ ಪಾತ್ರೆಗಳು ಸಿಕ್ಕಿದ್ವು, ಒಂದು ಬದಿಗೆ ಸಣ್ಣ ಮೂತಿ. ಎರಡೂವರೆ ಮೂರು ಸಾವಿರ ವರ್ಷ ಹಳೇವು. ಮಣ್ಣಲ್ಲಿ ಇಂಗಿದ್ದ ಕೊಬ್ಬನ್ನ ಪರೀಕ್ಷೆ ಮಾಡಿದ ವಿಜ್ಞಾನಿಗಳು 2019ರಲ್ಲಿ ಹೇಳಿದ್ರು, ಅದರಲ್ಲಿದ್ದದ್ದು ಹಸು, ಕುರಿ, ಮೇಕೆ ಥರದ ಮೆಲುಕು ಹಾಕೋ ಪ್ರಾಣಿಗಳ ಹಾಲು ಅಂತ. ಅದೇ ಕಾಲದ ಇನ್ನು ಕೆಲವು ಪಾತ್ರೆಗಳಿಗೆ ಪ್ರಾಣಿಯ ಆಕಾರ, ಕಾಲು, ಕಿವಿ ಎಲ್ಲ ಇದೆ. ಮಗು ಖುಷಿಪಡ್ಲಿ ಅಂತಾನೇ ಯಾರೋ ಕೂತು ತಿದ್ದಿರ್ಬೇಕು. ಅಂದ್ರೆ ತಾಯಿ ಹಾಲಿನ ಜೊತೆ, ಅಥವಾ ಅದರ ಬದಲಿಗೆ, ಬೇರೆ ಹಾಲು ಕೊಡೋದು ಡಬ್ಬಿ ಹಾಲಿನ ಕಾಲದಲ್ಲಿ ಶುರುವಾದದ್ದಲ್ಲ.

ಸಲಹೆಗಳ ಜಗಳವೂ ಅಷ್ಟೇ ಹಳೇದು. ರೋಮ್‌ನಲ್ಲಿ 2ನೇ ಶತಮಾನದಲ್ಲಿ ಸೊರಾನಸ್ ಅಂತ ದೊಡ್ಡ ವೈದ್ಯ ಇದ್ದ. ಹೆರಿಗೆ ಆದ ಮೇಲೆ ಬರೋ ಮೊದಲ ಹಾಲು ಮಗುವಿಗೆ ಆಗಲ್ಲ, ಜೇನು ಕೊಡಿ, ಬೇರೆ ಹೆಂಗಸಿನ ಹಾಲು ಕೊಡಿ ಅಂತ ಬರೆದ. ಇಲ್ಲ, ಹುಟ್ಟಿದ ಕೂಡ್ಲೇ ತಾಯಿ ಹಾಲೇ ಕೊಡ್ಬೇಕು ಅಂದ ವೈದ್ಯರೂ ಆಗ ಇದ್ರು, ಅವರ ಮಾತನ್ನ ಈತ ತಳ್ಳಿಹಾಕಿದ. ನೋಡಿ, ಯಾರು ಸರಿ ಇದ್ರು ಅಂತ ಗೊತ್ತಾಗೋಕೆ ನೂರಾರು ವರ್ಷ ಬೇಕಾಯ್ತು. ಆ ಗಿಣ್ಣುಹಾಲಲ್ಲಿ ರೋಗ ತಡೆಯೋ ಅಂಶ ತುಂಬಿರತ್ತೆ ಅಂತ ಈಗ ಎಲ್ಲ ಕಡೆ ಹೇಳ್ತಾರೆ, ಆದ್ರೆ ಅದನ್ನ ಹಿಂಡಿ ಚೆಲ್ಲೋ ಪದ್ಧತಿ ಪ್ರಪಂಚದ ಎಷ್ಟೋ ಸಮಾಜಗಳಲ್ಲಿ ತೀರಾ ಇತ್ತೀಚಿನವರೆಗೂ ಇತ್ತು. ಚೆಲ್ಲಿದ ತಾಯಂದಿರೆಲ್ಲ ಮಗು ಚೆನ್ನಾಗಿರ್ಲಿ ಅಂತಲೇ ಚೆಲ್ಲಿದ್ದು.

ನನ್ನನ್ನ ತುಂಬಾ ಕಾಡೋದು ಪ್ಯಾರಿಸ್ ಕಥೆ. 1780ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಲೆನ್ವಾರ್ ಒಂದು ಲೆಕ್ಕ ಕೊಟ್ಟ. ವರ್ಷಕ್ಕೆ ಹುಟ್ಟೋ ಸುಮಾರು 21,000 ಮಕ್ಕಳಲ್ಲಿ ಹೆತ್ತ ತಾಯಿಯ ಹಾಲು ಕುಡಿಯೋದು ಸಾವಿರಕ್ಕಿಂತ ಕಡಿಮೆ ಮಕ್ಕಳು ಅಂತ! ಇನ್ನುಳಿದವರಲ್ಲಿ ಹೆಚ್ಚಿನವರನ್ನ ಹಾಲೂಡಿಸೋ ದಾದಿಯರ ಹತ್ರ ದೂರದ ಹಳ್ಳಿಗಳಿಗೆ ಕಳಿಸ್ತಿದ್ರು. ಶ್ರೀಮಂತರ ಮನೆಯವರು ಮಾತ್ರ ಹೀಗೆ ಮಾಡ್ತಿದ್ರು ಅನ್ಕೋಬೇಡಿ. ಅಂಗಡಿ ನಡೆಸೋರು, ನೇಯ್ಗೆಯವರು, ಕೂಲಿಯವರು, ಗಂಡ ಹೆಂಡತಿ ಇಬ್ರೂ ದುಡಿದ್ರೆ ಮಾತ್ರ ಹೊಟ್ಟೆ ತುಂಬ್ತಿದ್ದವರು, ಅವರೂ ಕಳಿಸ್ತಿದ್ರು. ಮಗುವನ್ನ ಗಾಡಿಯಲ್ಲಿ ಒಯ್ದು ಒಂದೆರಡು ವರ್ಷ ಆದ್ಮೇಲೆ ವಾಪಸ್ ತರೋದು, ಬದುಕಿದ್ರೆ. ತುಂಬಾ ಮಕ್ಕಳು ಬದುಕ್ತಿರ್ಲಿಲ್ಲ. ಆ ದಾದಿಗೂ ಒಂದು ಕೂಸು ಇರ್ತಿತ್ತಲ್ಲ, ಅದರ ಪಾಲಿನ ಹಾಲು ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಕರುಳು ಚುರುಕ್ ಅನ್ನತ್ತೆ. ಇದೆಲ್ಲ ಆ ಊರಲ್ಲಿ "ಎಲ್ಲರೂ ಹೀಗೇ ಮಾಡೋದು" ಅಂತಲೇ ನಡೀತಿತ್ತು.

ಅದರ ವಿರುದ್ಧ ದನಿ ಎತ್ತಿದವರು ಹೆಚ್ಚಾಗಿ ಗಂಡಸರು. ಇಂಗ್ಲೆಂಡಿನ ವೈದ್ಯ ವಿಲಿಯಂ ಕ್ಯಾಡೊಗನ್ 1748ರಲ್ಲಿ, ಸಸ್ಯಗಳಿಗೆಲ್ಲ ಹೆಸರಿಟ್ಟ ಲಿನೇಯಸ್ 1752ರಲ್ಲಿ, ಮತ್ತೆ ತತ್ವಜ್ಞಾನಿ ರೂಸೋ 1762ರಲ್ಲಿ. ತಾಯಿಯೇ ಹಾಲು ಕೊಡ್ಬೇಕು ಅನ್ನೋ ಅವರ ಮಾತು ಸರಿಯಾದದ್ದೇ. ಆದ್ರೆ ರೂಸೋ ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಕೊಟ್ಟವನು. ತಾಯಂದಿರಿಗೆ ಕರ್ತವ್ಯ ಹೇಳೋಕೆ ಅವನಿಗೆ ಯಾವ ಅಧಿಕಾರ ಇತ್ತು ಅಂತ ನನಗೆ ಇವತ್ತಿಗೂ ಸಿಟ್ಟು ಬರತ್ತೆ. ಆ ಕೂಲಿ ಹೆಂಗಸು ಹಾಲು ಕೊಡ್ತಾ ಮನೇಲಿ ಕೂತ್ರೆ ಬಾಡಿಗೆ ಯಾರು ಕಟ್ಟೋರು?

ಆಮೇಲೆ ಕಾರ್ಖಾನೆಗಳ ಕಾಲ ಬಂತು. ಆ ಕಾಲದ ಫೀಡಿಂಗ್ ಬಾಟಲಿ ಹೇಗಿರ್ತಿತ್ತು ಗೊತ್ತಾ? ಚಪ್ಪಟೆ ಗಾಜಿನ ಸೀಸೆ, ಅದರಿಂದ ಹೊರಟ ಉದ್ದದ ರಬ್ಬರ್ ಕೊಳವೆ, ತುದಿಗೆ ನಿಪ್ಪಲ್. ಸೀಸೆಯನ್ನ ತೊಟ್ಟಿಲಲ್ಲಿ ಪಕ್ಕಕ್ಕಿಟ್ಟು ನಿಪ್ಪಲ್ ಬಾಯಿಗಿಟ್ರೆ ಮುಗೀತು, ಯಾರೂ ಎತ್ಕೋಬೇಕಾಗಿಲ್ಲ, ಮಗು ತಾನೇ ಚೀಪ್ಕೊಳ್ಳತ್ತೆ. ಕೆಲಸಕ್ಕೆ ಹೋಗೋ ತಾಯಿಗೆ ಅದು ದೇವರು ಕೊಟ್ಟ ವಸ್ತು ಅನ್ನಿಸಿರ್ಬೇಕು. ಆದ್ರೆ ಆ ಕೊಳವೆಯೊಳಗೆ ಕೈ ಹೋಗಲ್ಲ, ಬ್ರಷ್ ಹೋಗಲ್ಲ. ಒಳಗೆ ಅಂಟಿದ ಹಾಲು ಹುಳಿತು ಕ್ರಿಮಿ ಬೆಳೀತಿತ್ತು. ಕ್ರಿಮಿಯಿಂದ ರೋಗ ಬರತ್ತೆ ಅನ್ನೋದೇ ಜನಕ್ಕೆ ಆಗ ಸರಿಯಾಗಿ ತಿಳಿದಿರ್ಲಿಲ್ಲ. ವಾಂತಿ ಭೇದಿಯಿಂದ ಎಷ್ಟು ಮಕ್ಕಳು ಹೋದವು ಅಂದ್ರೆ, ಕೊನೆಗೆ ಅದಕ್ಕೆ ಕೊಲೆಗಾರ ಬಾಟಲಿ ಅಂತಲೇ ಹೆಸರು ಬಿತ್ತು. ಮಗು ಅತ್ರೆ ಸುಮ್ಮನಾಗಿಸೋ ಸಿರಪ್ ಬೇರೆ ಇತ್ತು, 1849ರಿಂದ ಅಮೆರಿಕದಲ್ಲಿ ಮಾರ್ತಿದ್ದ ಅಂಥದ್ದೊಂದರಲ್ಲಿ ಇದ್ದದ್ದು ಅಫೀಮಿನಿಂದ ತೆಗೆಯೋ ಮಾರ್ಫಿನ್. ಅದನ್ನ ಕೊಟ್ಟವರೂ ಕೆಟ್ಟ ತಾಯಂದಿರಲ್ಲ ದೊಡ್ಡಮ್ಮ, ಪಕ್ಕದ ಮನೆಯವರು ಒಳ್ಳೇದು ಅಂದ್ರು, ಇವರು ತಂದ್ರು.

1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ ಹಾಲು, ಗೋಧಿ ಹಿಟ್ಟು, ಸಕ್ಕರೆ ಸೇರಿಸಿ ಮಕ್ಕಳ ಪುಡಿ ಮಾರೋಕೆ ಶುರು ಮಾಡಿದ. ಅದಕ್ಕೆ ಸ್ವಲ್ಪ ಮುಂಚೆ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಕೂಡ ಒಂದು ಮಿಶ್ರಣ ಮಾಡಿದ್ದ. ಅಲ್ಲಿಂದಾಚೆ ಕಥೆ ನಿಮಗೆಲ್ಲ ಗೊತ್ತಿರೋದೇ, ಪುಡಿಗೆ ಜಾಹೀರಾತು, ಜಾಹೀರಾತಿಗೆ ಡಾಕ್ಟರ ಮಾತಿನ ಬೆಂಬಲ. ಶುದ್ಧ ನೀರಿಲ್ಲದ ಕಡೆಗೂ ಅದು ಹೋಯ್ತು, ಪುಡಿ ತುಟ್ಟಿಯಾಗಿ ನೀರು ಹೆಚ್ಚು ಬೆರೆಸಿ ಕೊಟ್ರು, ಮಕ್ಕಳು ಸೊರಗಿದ್ವು. 1977ರಲ್ಲಿ ನೆಸ್ಲೆ ಕಂಪನಿಯ ವಿರುದ್ಧ ಬಹಿಷ್ಕಾರದ ಚಳವಳಿ ಆಯ್ತು, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇದರ ಮಾರಾಟಕ್ಕೆ ಅಂತಾನೇ ಒಂದು ಸಂಹಿತೆ ಒಪ್ಪಿತು. ಹಾಗಂತ ಪುಡಿ ಹಾಲು ವಿಷ ಅಂತ ನಾನು ಹೇಳಲ್ಲ. ತಾಯಿ ಇಲ್ಲದ ಮಕ್ಕಳು, ಹಾಲು ಸಾಲದ ಮಕ್ಕಳು ಹಿಂದೆ ಗಂಜಿಯ ಮೇಲೆ, ನೀರಲ್ಲಿ ನೆನೆಸಿದ ಬ್ರೆಡ್ಡಿನ ಮೇಲೆ ಬದುಕೋಕೆ ಒದ್ದಾಡ್ತಿದ್ರು. ಅಂಥವರಿಗೆ ಒಳ್ಳೆ ನೀರಲ್ಲಿ ಸರಿಯಾಗಿ ಕಲಸಿದ ಪುಡಿ ಜೀವ ಉಳಿಸಿದೆ. ಈ ಗ್ರೂಪಲ್ಲಿ ಡಬ್ಬಿ ಹಾಲು ಕೊಟ್ಟು ಬೆಳೆಸಿದವರೂ ಇದೀರಿ, ಯಾರೂ ತಲೆ ತಗ್ಗಿಸ್ಬೇಕಾಗಿಲ್ಲ.

ಈಗ ಗಡಿಯಾರದ ವಿಷಯ, ಯಾಕಂದ್ರೆ ಮೂರು ಗಂಟೆಗೊಂದ್ಸಲ ಅಲಾರಂ ಇಟ್ಟು ಕೊಡು ಅಂತಾನೂ ಯಾರೋ ಬರೆದಿದ್ರು. ಅದು ಅಜ್ಜಿಯರ ಕಾಲದ್ದಲ್ಲ. ಅಮೆರಿಕದ ಡಾಕ್ಟರ್ ಹೋಲ್ಟ್ 1894ರಿಂದ ವೇಳಾಪಟ್ಟಿ ಹಾಕಿ ಕುಡಿಸಿ ಅಂತ ಹೇಳ್ಕೊಟ್ರು. ನ್ಯೂಜಿಲೆಂಡಿನ ಡಾಕ್ಟರ್ ಟ್ರೂಬಿ ಕಿಂಗ್ ನಾಲ್ಕು ಗಂಟೆಗೊಮ್ಮೆ, ರಾತ್ರಿ ಕೊಡಲೇಬಾರದು ಅಂದ್ರು. 1928ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಇನ್ನೂ ಮುಂದೆ ಹೋಗಿ, ಮಕ್ಕಳನ್ನ ಅಪ್ಪಬೇಡಿ, ಮುತ್ತು ಕೊಡಬೇಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿ ಸಾಕು ಅಂದ. ಅದೇ ಹೊತ್ತಿಗೆ ಆಫ್ರಿಕಾದ ಕಲಹಾರಿ ಮರುಭೂಮಿಯ ಕುಂಗ್ ಬುಡಕಟ್ಟಿನ ತಾಯಂದಿರು ಕೂಸನ್ನ ದಿನವಿಡೀ ಮೈಗೆ ಕಟ್ಕೊಂಡು ಓಡಾಡ್ತಿದ್ರು. ಆಮೇಲೆ ಕೂತು ಲೆಕ್ಕ ಹಾಕಿದ ಸಂಶೋಧಕರು ಗಂಟೆಗೆ ಮೂರ್ನಾಲ್ಕು ಸಲ ಹಾಲು ಕೊಡ್ತಾರೆ ಅಂದ್ರು, ಒಂದೆರಡು ನಿಮಿಷ ಅಷ್ಟೇ. 1946ರಲ್ಲಿ ಡಾಕ್ಟರ್ ಸ್ಪಾಕ್ ಬಂದು ತಾಯಂದಿರೇ ನಿಮ್ಮ ಮೇಲೆ ನೀವು ನಂಬಿಕೆ ಇಡಿ ಅಂದಾಗ ಎಷ್ಟು ಜನ ಹೆಂಗಸರು ನಿಟ್ಟುಸಿರು ಬಿಟ್ಟಿರ್ಬೇಕು!

ಪುಟ್ಟಿ, ಇನ್ನು ಹೇಳೋದು ನಿನಗೇ, ಗಮನ ಕೊಟ್ಟು ಕೇಳು. 1920ರ ದಶಕದ ಕೊನೆಗೆ ಕ್ಲಾರಾ ಡೇವಿಸ್ ಅಂತ ಒಬ್ಬ ಮಕ್ಕಳ ಡಾಕ್ಟರ್ ಒಂದು ಪ್ರಯೋಗ ಮಾಡಿದ್ರು. ಆಗ ಪುಸ್ತಕ ನೋಡಿ ಗ್ರಾಂ ಲೆಕ್ಕದಲ್ಲಿ ಊಟ ಕೊಡೋರು, ಮಕ್ಕಳು ಬಾಯಿ ಬಿಗಿ ಹಿಡಿಯೋವು, ಅಪ್ಪ ಅಮ್ಮ ಡಾಕ್ಟರ ಹತ್ರ ಓಡೋರು. ಈಕೆ, ಮಗುವಿಗೇ ಬಿಟ್ರೆ ಏನಾಗತ್ತೆ ನೋಡೋಣ ಅಂದ್ರು. ಆಗಷ್ಟೇ ಹಾಲು ಬಿಡಿಸಿದ ಮಕ್ಕಳು, ನಿನ್ನ ಮಗು ವಯಸ್ಸಿನವೇ. ಒಟ್ಟು 15 ಮಕ್ಕಳು. ಟ್ರೇನಲ್ಲಿ ಬೇರೆ ಬೇರೆ ಬಟ್ಟಲು, ಹಣ್ಣು, ತರಕಾರಿ, ಧಾನ್ಯ, ಮಾಂಸ, ಮೊಟ್ಟೆ, ಹಾಲು, ಉಪ್ಪು ಕೂಡ ಪ್ರತ್ಯೇಕ. ನರ್ಸ್ ಪಕ್ಕದಲ್ಲಿ ಚಮಚ ಹಿಡ್ಕೊಂಡು ಸುಮ್ಮನೆ ಕೂರ್ಬೇಕು. ಮಗು ಯಾವ ಬಟ್ಟಲಿಗೆ ಕೈ ಚಾಚತ್ತೋ ಅದರಿಂದ ಮಾತ್ರ ಒಂದು ಚಮಚ. ಬಾಯಿ ತೆರೆದ್ರೆ ಕೊಡು, ಇಲ್ಲಾಂದ್ರೆ ಬಿಡು. ಒಳ್ಳೇದು, ಕೆಟ್ಟದ್ದು, ಜಾಣ ಮರಿ, ಯಾವ ಮಾತೂ ಇಲ್ಲ. ಮಗು ಸಾಕು ಅಂದ್ರೆ ಟ್ರೇ ಎತ್ತಿಬಿಡೋದು.

1939ರಲ್ಲಿ ಫಲಿತಾಂಶ ಹೇಳಿದ್ರು. ಎರಡು ಮಕ್ಕಳ ಊಟ ಒಂದೇ ಥರ ಇರ್ಲಿಲ್ಲ. ಒಂದು ದಿನ ಬರೀ ಇದು, ಇನ್ನೊಂದು ದಿನ ಬರೀ ಅದು, ದೊಡ್ಡವರು ನೋಡಿದ್ರೆ ಗಾಬರಿ ಆಗೋ ಹಾಗೆ. ಆದ್ರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದ್ರು. ಮೂಳೆ ಮೆತ್ತಗಾಗೋ ರಿಕೆಟ್ಸ್ ಕಾಯಿಲೆ ಇದ್ದ ಒಂದು ಮಗುವಿನ ಟ್ರೇನಲ್ಲಿ ಮೀನೆಣ್ಣೆಯ ಲೋಟ ಇಟ್ಟಿದ್ರು. ಮೂಳೆ ಸರಿಹೋಗೋ ತನಕ ಆಗಾಗ ಅದನ್ನ ಕುಡೀತು, ಆಮೇಲೆ ಮುಟ್ಟಲಿಲ್ಲ. ಇದರ ಗುಟ್ಟನ್ನ ಡೇವಿಸ್ ತಾವೇ ಹೇಳಿದ್ರು, ಆ ಟ್ರೇನಲ್ಲಿ ಕೆಟ್ಟದ್ದೇನೂ ಇರ್ಲೇ ಇಲ್ಲ. ಸಕ್ಕರೆ ಇಲ್ಲ, ಡಬ್ಬಿ ತಿಂಡಿ ಇಲ್ಲ. ಏನಿಡ್ಬೇಕು ಅನ್ನೋದು ದೊಡ್ಡವರ ಕೆಲಸ, ಎಷ್ಟು ತಿನ್ಬೇಕು ಅನ್ನೋದು ಮಗುವಿನದು. ಆ ಕೂಸುಗಳು ತಾಯಿಯಿಂದ ದೂರ, ಒಂದು ಸಂಸ್ಥೆಯಲ್ಲಿ ಬೆಳೀತಿದ್ವು ಅನ್ನೋದು ನನಗೆ ಹಿತವಾದ ವಿಷಯವಲ್ಲ, ಅಂಥ ಪ್ರಯೋಗ ಈಗ ಯಾರೂ ಮಾಡೋಕಾಗಲ್ಲ, ಮಾಡಲೂಬಾರದು. ಆದ್ರೆ ಅವು ಕಲಿಸಿದ್ದನ್ನ ಕಡೆಗಣಿಸೋದು ಬೇಡ.

ಎರಡು ಚಮಚ ಕಡಿಮೆ ಅಂತ ನಿನಗೆ ಅನ್ನಿಸ್ತಿದೆ. ಮೊದಲ ತಿಂಗಳುಗಳಲ್ಲಿ ಬೆಳೆದ ವೇಗದಲ್ಲಿ ಎಂಟನೇ ತಿಂಗಳಲ್ಲಿ ಯಾವ ಮಗುವೂ ಬೆಳೆಯಲ್ಲ. ಎದೆಹಾಲು ಕುಡಿಯೋ 6ರಿಂದ 8 ತಿಂಗಳ ಮಗುವಿಗೆ ಊಟದಿಂದ ಬೇಕಾಗೋದು ದಿನಕ್ಕೆ ಸುಮಾರು 200 ಕ್ಯಾಲೊರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಮಿಕ್ಕಿದ್ದೆಲ್ಲ ಹಾಲಿಂದಲೇ. ಅದಕ್ಕೇ ಹಾಲು ನಿಲ್ಸು ಅನ್ನೋ ಮಾತು ದಯವಿಟ್ಟು ಕೇಳಬೇಡ. ಕಬ್ಬಿಣದಂಶ ಇರೋ ಊಟ ಮಾತ್ರ ದಿನಾ ಇರ್ಲಿ, ಆರು ತಿಂಗಳಾದ್ಮೇಲೆ ಅದಕ್ಕೆ ಹಾಲು ಸಾಲಲ್ಲ. ಹೊಸ ರುಚಿ ಉಗುಳಿದ್ರೆ ಒಂದೆರಡು ದಿನ ಬಿಟ್ಟು ಮತ್ತೆ ಇಡು, ಎಂಟು ಹತ್ತು ಸಲ ಬೇಕಾಗತ್ತೆ ಎಷ್ಟೋ ಮಕ್ಕಳಿಗೆ. ತೂಕ ಏರ್ತಾ ಇಲ್ಲ, ಮಂಕಾಗಿದೆ, ಉಚ್ಚೆ ಕಡಿಮೆ ಆಗಿದೆ ಅಂದ್ರೆ ಗ್ರೂಪಲ್ಲಿ ಕೇಳ್ಬೇಡ, ಡಾಕ್ಟರ ಹತ್ರ ಹೋಗು.

ರೂಲ್ಸ್ ಬದಲಾಗತ್ತೆ ಅನ್ನೋ ದೂರು ಸುಳ್ಳಲ್ಲ ದೊಡ್ಡಮ್ಮ. ಕಡಲೆಕಾಯಿ ಮೂರು ವರ್ಷದ ತನಕ ಬೇಡ ಅಂತ ಅಮೆರಿಕದ ಮಕ್ಕಳ ಡಾಕ್ಟರುಗಳು 2000ದಲ್ಲಿ ಅಲರ್ಜಿ ಭಯ ಇರೋ ಮಕ್ಕಳಿಗೆ ಹೇಳಿದ್ರು, 2008ರಲ್ಲಿ ಹಿಂದಕ್ಕೆ ತಗೊಂಡ್ರು. 2015ರಲ್ಲಿ 640 ಮಕ್ಕಳ ಅಧ್ಯಯನ, ಬೇಗ ಕೊಟ್ಟವರಿಗೇ ಅಲರ್ಜಿ ಕಡಿಮೆ ಅಂತ ತೋರಿಸ್ತು. ಕೇಳೋರಿಗೆ ತಲೆ ಕೆಡತ್ತೆ, ಒಪ್ತೀನಿ. ಆದ್ರೆ ತಪ್ಪು ಅಂತ ಗೊತ್ತಾದ ಮೇಲೂ ಬದಲಾಯಿಸದೆ ಇದ್ದಿದ್ರೆ ಮಕ್ಕಳಿಗೇ ಕಷ್ಟ ಆಗ್ತಿತ್ತು. ಜೇನುತುಪ್ಪದ್ದೂ ಹಾಗೇ. ಸೊರಾನಸ್ ಕಾಲದಿಂದ ಎಷ್ಟೋ ಕಡೆ ಕೂಸಿನ ನಾಲಿಗೆಗೆ ಹಚ್ಚಿದ್ದಾರೆ, ಆದ್ರೆ ಅದರಲ್ಲಿ ಬಾಟ್ಯುಲಿಸಂ ಅನ್ನೋ ಅಪಾಯದ ಕಾಯಿಲೆ ತರೋ ಬೀಜಾಣು ಇರಬಹುದು ಅಂತ 1970ರ ದಶಕದಲ್ಲಿ ತಿಳೀತು. ಒಂದು ವರ್ಷ ತುಂಬೋ ತನಕ ಒಂದು ಹನಿಯೂ ಬೇಡ. ನೀವು ಪ್ರೀತಿಯಿಂದ ತಂದಿಟ್ಟಿರೋ ಬಾಟಲಿ ಹಾಗೇ ಇರ್ಲಿ, ಕೆಡಲ್ಲ.

ಇಷ್ಟೆಲ್ಲ ಬದಲಾದ್ರೂ ಒಂದು ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ನಿಜ. ಹಿಂದೆ ತಾಯಿ ಒಬ್ಬಳೇ ಇರ್ತಿರ್ಲಿಲ್ಲ. ಅಜ್ಜಿ, ಅತ್ತೆ, ಅಕ್ಕ, ಪಕ್ಕದವರು, ಮಗು ಕೈಯಿಂದ ಕೈಗೆ ಹೋಗ್ತಿತ್ತು. ಮಧ್ಯ ಆಫ್ರಿಕಾದ ಕಾಡಿನ ಅಕಾ ಜನರಲ್ಲಿ ಅಪ್ಪಂದಿರು ದಿನದ ದೊಡ್ಡ ಭಾಗ ಕೂಸಿನ ಪಕ್ಕದಲ್ಲೇ, ಕೈಗೆಟುಕೋ ದೂರದಲ್ಲಿ ಇರ್ತಾರೆ. ಪುಟ್ಟಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ. ಇದು ಮಾತ್ರ ನಿಜವಾಗ್ಲೂ ಹೊಸದು, ಈ ಒಂಟಿತನ. ಅದರ ಮೇಲೆ ಗ್ರೂಪಲ್ಲಿ ನಾವಿಷ್ಟು ಜನ ಫೋನಿನಿಂದ ಸಲಹೆ ಸುರೀತಿದೀವಿ.

ಹಾಗಾಗಿ ನನ್ನದೊಂದು ಕೋರಿಕೆ. ಶನಿವಾರ ಬೆಳಿಗ್ಗೆ ನಾನು ಅವಳ ಮನೆಗೆ ಹೋಗ್ತೀನಿ, ಅಡುಗೆ ಬಟ್ಟೆ ನನ್ನದು, ಅವಳು ಮಲಗ್ಲಿ. ದೊಡ್ಡಮ್ಮ, ಮುಂದಿನ ವಾರ ನೀವು ಎರಡು ದಿನ ಇದ್ದು ಬನ್ನಿ, ನಿಮ್ಮ ಕೈಯಲ್ಲಿ ಮಗು ಬೇಗ ನಿದ್ದೆ ಮಾಡತ್ತೆ ಅಂತ ಅವಳೇ ಹೇಳ್ತಿದ್ಲು. ಊಟದ ಹೊತ್ತಲ್ಲಿ ಮಗುವನ್ನ ನಿಮ್ಮ ಪಕ್ಕ ಕೂರಿಸ್ಕೊಂಡು ನೀವು ನಿಮ್ಮ ಪಾಡಿಗೆ ಊಟ ಮಾಡಿ, ಅದು ನೋಡ್ಲಿ, ಕೈ ಹಾಕ್ಲಿ, ಚೆಲ್ಲಲಿ. ಅಳಿಯಂದಿರೇ, ನೀವೂ ಇದನ್ನ ಕೇಳ್ತಿದ್ರೆ, ಸಂಜೆಯ ಊಟ ಕೊಡೋದು ಇನ್ಮೇಲೆ ನೀವೇ ತಗೊಳ್ಳಿ. ಉಳಿದ ದಿನಗಳಿಗೆ ಯಾರು ಯಾವಾಗ ಹೋಗ್ಬಹುದು ಅಂತ ಇದರ ಕೆಳಗೇ ಬರೀರಿ.